ಸೋಲಾರ್ ಪಾರ್ಕಿನ ಪಕ್ಕದ ಕತ್ತಲೆ: ಪಾವಗಡ ತಾಲ್ಲೂಕಿನ 22 ಮನೆಗಳ ಪ್ರಕರಣ

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡದ್ದಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು. ಅಲ್ಲಿ ಹುಟ್ಟುವ ವಿದ್ಯುತ್ತು 400 ಕಿಲೋವೋಲ್ಟ್ ಲೈನ್ ಹತ್ತಿ ಗ್ರಿಡ್ ಸೇರುತ್ತದೆ. ಆ ಲೈನಿನ ಕೆಳಗೇ ಇರುವ ಗುಡಿಸಲಿಗೂ ಅದರಿಂದ ದೀಪ ಹತ್ತುವುದಿಲ್ಲ. ಗುಡಿಸಲಿಗೆ ಬೇಕಾದದ್ದು ಬೆಸ್ಕಾಂನ ಕಂಬ, ಮೀಟರ್, ಅದಕ್ಕೂ ಮೊದಲು ಮನೆ ತಮ್ಮದೆಂದು ತೋರಿಸುವ ಒಂದು ಕಾಗದ.

ಇಲ್ಲಿನ ಪ್ರಕರಣ ಅಂಥ ಕಾಗದವಿಲ್ಲದ 22 ಕುಟುಂಬಗಳದು. ಊರಿನ ಹೆಸರನ್ನೂ ಕೆಲಸ ಮಾಡಿದ ಚರ್ಚಿನ ಹೆಸರನ್ನೂ ಬಿಟ್ಟಿದ್ದೇವೆ. ಇವರು ಅಲೆಮಾರಿ ಮೂಲದವರು. ಗೋಮಾಳದಲ್ಲಿ ಶೀಟು, ಗರಿ, ಟಾರ್ಪಾಲಿನ ಮನೆ ಹಾಕಿಕೊಂಡಿದ್ದಾರೆ. ಮನೆಮಾತು ತೆಲುಗು, ವ್ಯವಹಾರಕ್ಕೆ ಕನ್ನಡ. ಹತ್ತಿರದ ಕಂಬ ಎರಡು ಕಿಲೋಮೀಟರಿನಾಚೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮಗೊಳಿಸುವ, ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದಾರೆ. ಅರ್ಜಿ ಇತ್ಯರ್ಥವಾಗುವವರೆಗೆ ಮೀಟರ್ ಇಲ್ಲ. ಕೆಲಸಕ್ಕೆ ಕೈಹಾಕಿದ್ದು ತಾಲ್ಲೂಕು ಕೇಂದ್ರದ ಒಂದು ಪ್ರಾಟೆಸ್ಟೆಂಟ್ ಸಭೆ (ಅಂದರೆ ಒಂದು ಚರ್ಚಿನ ಭಕ್ತಸಮೂಹ) ಮತ್ತು ಅದರ ಮೇಲಿನ, ಬಿಷಪ್ಪರ ಆಡಳಿತಕ್ಕೊಳಪಟ್ಟ ಡಯಾಸಿಸ್‌ನ ಅಭಿವೃದ್ಧಿ ಕಚೇರಿ. 22 ಮನೆಗಳಲ್ಲಿ ಒಂದು ಮನೆಯವರೂ ಆ ಸಭೆಯ ಸದಸ್ಯರಲ್ಲ.

ಈ ಸೀಮೆಯಲ್ಲಿ ಚರ್ಚಿನ ಸೇವೆ ಎಂದರೆ ಜನರ ಕಣ್ಣಿಗೆ ಬರುವುದು ಕಟ್ಟಡ. ಕೋಲಾರದಲ್ಲಿ ಇ.ಟಿ.ಸಿ.ಎಂ. ಆಸ್ಪತ್ರೆ, ಚಿಕ್ಕಬಳ್ಳಾಪುರದಲ್ಲಿ ಸಿಎಸ್‌ಐ ಆಸ್ಪತ್ರೆ, ಜಿಲ್ಲೆಗಳಲ್ಲಿ ಶಾಲೆ, ಹಾಸ್ಟೆಲ್. ಅವೆಲ್ಲ ಸಂಸ್ಥೆಯ ಸ್ವತ್ತು, ರಿಪೇರಿಯೂ ಸಂಸ್ಥೆಯದೇ. ಅದೇ ರೂಢಿಯಲ್ಲಿ ಗುಡಿಸಲಿಗೆ ದೀಪ ಹಾಕಿದರೆ ಮೂರನೇ ವರ್ಷಕ್ಕೆ ಕೆಟ್ಟ ಬ್ಯಾಟರಿಯನ್ನು ಮನೆಯವರು ಚರ್ಚಿನ ಬಾಗಿಲಿಗೆ ತಂದಿಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ದೀಪ ಯಾರದೋ ಕೆಟ್ಟ ಬ್ಯಾಟರಿಯೂ ಅವರದೇ. ಆದ್ದರಿಂದ ಈ ಕೆಲಸದಲ್ಲಿ ಮೊದಲು ತೀರ್ಮಾನವಾಗಬೇಕಿದ್ದದ್ದು ಪ್ಯಾನೆಲ್ ಎಷ್ಟು ವಾಟಿನದು ಎಂಬುದಲ್ಲ, ಎರಡನೇ ಬ್ಯಾಟರಿಯನ್ನು ಯಾರು ಕೊಳ್ಳುತ್ತಾರೆ ಎಂಬುದು.

ಒಂದೇ ಪ್ಲಾಂಟೋ, ಮನೆಗೊಂದು ಸೆಟ್ಟೋ

ಮೊದಲ ಪ್ರಸ್ತಾವ 5 ಕಿಲೋವಾಟ್‌ನ ಸಾಮೂಹಿಕ ಪ್ಲಾಂಟಿನದು. ಒಂದು ಶೆಡ್, ದೊಡ್ಡ ಇನ್ವರ್ಟರ್, ಬ್ಯಾಟರಿ ಸಾಲು, ಅಲ್ಲಿಂದ ಮನೆಮನೆಗೆ 230 ವೋಲ್ಟ್ ಲೈನ್. ಫೋಟೋಗೆ ಚೆನ್ನಾಗಿರುತ್ತದೆ, ಉದ್ಘಾಟನೆಗೂ ಅನುಕೂಲ. ಲೆಕ್ಕ ಹಾಕಿದ ಮೇಲೆ ಬಿದ್ದುಹೋಯಿತು.

ಮನೆಮನೆ ಸುತ್ತಿ ಕೇಳಿದಾಗ ಬೇಕಾದದ್ದು ಇಷ್ಟು: 5 ವಾಟಿನ ಮೂರು ಎಲ್‌ಇಡಿ ಬಲ್ಬು (ಒಲೆಯ ಬಳಿ ಐದು ಗಂಟೆ, ನಡುಮನೆಗೆ ನಾಲ್ಕು, ಹೊರಗೆ ಕುರಿದೊಡ್ಡಿಗೆ ಎರಡು), ರಾತ್ರಿಯಿಡೀ ಉರಿಯುವ 1 ವಾಟಿನ ಒಂದು ಬಲ್ಬು, ಎರಡು ಮೊಬೈಲ್ ಚಾರ್ಜ್, 15 ವಾಟಿನ ಡಿಸಿ ಫ್ಯಾನು ನಾಲ್ಕು ಗಂಟೆ. ಬಲ್ಬಿಗೆ 55, ರಾತ್ರಿ ಬಲ್ಬಿಗೆ 10, ಮೊಬೈಲಿಗೆ 20, ಫ್ಯಾನಿಗೆ 60, ಒಟ್ಟು ದಿನಕ್ಕೆ 145 ವಾಟ್-ಅವರ್. 22 ಮನೆಗೆ 3.2 ಯೂನಿಟ್. ಪಾವಗಡದ ಬಿಸಿಲಿಗೆ 5 ಕಿಲೋವಾಟ್ ಪ್ಲಾಂಟ್ ದಿನಕ್ಕೆ ಸುಮಾರು 20 ಯೂನಿಟ್ ಕೊಡುತ್ತದೆ. ಒಂದೂವರೆ ಕಿಲೋವಾಟೇ ಧಾರಾಳವಾಗುವ ಜಾಗಕ್ಕೆ ಐದು ಬರೆದದ್ದು ಅನುದಾನದ ಅಳತೆಗೆ ಹೊಂದಿಸಿ. ಹಟ್ಟಿಯ ಅಗತ್ಯವನ್ನು ಯಾರೂ ಅಳೆದಿರಲಿಲ್ಲ.

ಗಾತ್ರ ಇಳಿಸಿಯೂ ಸಾಮೂಹಿಕ ಪ್ಲಾಂಟ್ ಹಾಕಬಹುದಿತ್ತು. ಆದರೆ ಮನೆಗಳು ಒತ್ತಟ್ಟಿಗಿಲ್ಲ, ಅರ್ಧ ಕಿಲೋಮೀಟರಿಗೂ ಹೆಚ್ಚು ಹರಡಿವೆ. ಗೋಮಾಳದಲ್ಲಿ ಕಂಬ ನೆಡಲು ಕಂದಾಯ ಇಲಾಖೆಯ ಒಪ್ಪಿಗೆ ಬೇಕು, ಹಕ್ಕುಪತ್ರವೇ ಇಲ್ಲದವರಿಗೆ ಅದು ಇನ್ನೊಂದು ಅರ್ಜಿ. ಒಬ್ಬರು ಟಿವಿ, ವೂಫರ್ ಹಾಕಿ ಕೂತರೆ ಎಲ್ಲರ ಬ್ಯಾಟರಿ ಇಳಿಯುತ್ತದೆ, ಜಗಳ ಶುರು. ಇನ್ವರ್ಟರ್ ಕೆಟ್ಟರೆ ಒಮ್ಮೆಗೇ 22 ಮನೆ ಕತ್ತಲೆ. ಕಾಲಿಗೊಂದು ಊರು ಕಂಡವರು ನಾಳೆ ಸರ್ಕಾರ ಬೇರೆ ಕಡೆ ಸೈಟು ಕೊಟ್ಟರೆ ಹೊರಡುತ್ತಾರೆ. ಮನೆಗೊಂದು ಸೆಟ್ಟಾದರೆ ಕಳಚಿ ಗಾಡಿಗೆ ಹಾಕಿಕೊಂಡು ಹೋಗಬಹುದು. ಕೊನೆಗೆ ತೂಗಿದ್ದು ಈ ಕಾರಣವೇ.

ದುಡ್ಡಿನ ದಾರಿ

ಒಂದು ಸೆಟ್ಟಿಗೆ ಬಂದ ಅಂದಾಜು: 75 ವಾಟ್ ಪ್ಯಾನೆಲ್ 3,000 ರೂಪಾಯಿ, 12.8 ವೋಲ್ಟ್ 30 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 7,000, ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದ್ದಿನಲ್ಲಿಡುವ ಪೆಟ್ಟಿಗೆ) 900, ಬಲ್ಬುಗಳು 500, ಫ್ಯಾನು 1,400, ಪೈಪು, ಕ್ಲ್ಯಾಂಪು, ಸಿಮೆಂಟು 1,600, ವೈರು, ಸ್ವಿಚ್ಚು, ಫ್ಯೂಸು 1,500, ಕೂಲಿ ಸಾಗಣೆ 600. ಒಟ್ಟು 16,500. 22 ಮನೆಗೆ 3,63,000. ಮನೆಯವರು ತಲಾ 2,500 ಹಾಕಿದರು, ಅದು 55,000. ಉಳಿದ 3,08,000ದಲ್ಲಿ ಒಂದು ಪಾಲು ಸಭೆಯ ಸುಗ್ಗಿ ಹಬ್ಬದ ಹರಾಜಿನಿಂದ ಬಂತು. ಕುಂಬಳಕಾಯಿ, ಕೋಳಿ, ಕಡ್ಲೆಕಾಯಿ ಮೂಟೆಯನ್ನು ಕೂಗಿ ಕೂಗಿ ನಾಲ್ಕು ಪಟ್ಟು ಬೆಲೆಗೆ ಏರಿಸುವ ಆ ಹರಾಜು ಗೊತ್ತಿದ್ದವರಿಗೆ ಇದು ಹೇಗೆಂದು ತಿಳಿಯುತ್ತದೆ. ಮಿಕ್ಕದ್ದು ಡಯಾಸಿಸ್‌ನಿಂದ.

ಹೊರದೇಶದ ಸಭೆಯೊಂದು ಹಣ ಕಳಿಸಲು ಮುಂದೆ ಬಂದಿತ್ತು. ಇಲ್ಲಿ ಅನೇಕ ಪಾಸ್ಟರೇಟ್ ಕಮಿಟಿಗಳು (ಸಭೆಯ ಆಡಳಿತ ಸಮಿತಿಗಳು) ಎಡವುತ್ತವೆ. ವಿದೇಶಿ ದೇಣಿಗೆ ಪಡೆಯಲು ಅದನ್ನು ನಿಯಂತ್ರಿಸುವ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ನೋಂದಣಿಯೋ ಪೂರ್ವಾನುಮತಿಯೋ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬೀಳಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚು ಶೇ 20 ಮೀರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಡೆದ ಸಂಸ್ಥೆ ಅದನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಡಯಾಸಿಸ್‌ಗೆ ಬಂದದ್ದನ್ನು ಪ್ರತ್ಯೇಕ ಟ್ರಸ್ಟಿಗೋ ಸಂಘಕ್ಕೋ ಚೆಕ್ ಬರೆದು ಕೊಟ್ಟರೆ ಅದೇ ಉಲ್ಲಂಘನೆ. ನೋಂದಾಯಿತ ಸಂಸ್ಥೆಯೇ ನೇರವಾಗಿ ಸಾಮಾನು ಕೊಳ್ಳಬೇಕು, ಬಿಲ್ಲು ಅದರ ಹೆಸರಿಗಿರಬೇಕು. ಮೂರು ಲಕ್ಷದ ಕೆಲಸಕ್ಕೆ ಇಷ್ಟು ಕಡತ ಬೇಡವೆಂದು ಕಮಿಟಿ ವಿದೇಶಿ ಹಣ ಬಿಟ್ಟಿತು. ಸರಿಯಾದ ತೀರ್ಮಾನ.

ಇನ್ನೊಂದು ಎಚ್ಚರ ಮಾತಿನದು. ಚರ್ಚು ಗುಡಿಸಲಿಗೆ ದೀಪ ಕೊಡುತ್ತದೆ ಎಂದರೆ ಮತಾಂತರದ ಗುಮಾನಿ ಬಂದೇ ಬರುತ್ತದೆ. ಸಭಾಪಾಲಕರು ಮೊದಲು ಗ್ರಾಮ ಪಂಚಾಯಿತಿಗೆ ಹೋಗಿ ಪಿಡಿಒಗೆ ಬರಹದಲ್ಲಿ ಕೊಟ್ಟರು: 22 ಮನೆಗಳ ಪಟ್ಟಿ, ಪ್ರತಿ ಮನೆಯ ಪಾಲಿನ ಹಣ, ಸಾಮಾನಿನ ವಿವರ. ಪ್ಯಾನೆಲ್ ಮೇಲೆ ಶಿಲುಬೆಯ ಸ್ಟಿಕರ್ ಇಲ್ಲ, ಹಸ್ತಾಂತರದ ದಿನ ಪ್ರಾರ್ಥನಾ ಕೂಟ ಇಲ್ಲ. ಸಭೆಯ ಕೆಲವು ಹಿರಿಯರಿಗೆ ಇದು ರುಚಿಸಲಿಲ್ಲ, ಆದರೂ ಬಿಟ್ಟುಕೊಟ್ಟರು.

ಅಳವಡಿಕೆ

ದಿನಕ್ಕೆ 145 ವಾಟ್-ಅವರ್ ಎಂದರೆ 12.8 ವೋಲ್ಟಿನಲ್ಲಿ ಸುಮಾರು 11.3 ಆಂಪಿಯರ್-ಅವರ್. ಆಷಾಢ, ಶ್ರಾವಣದ ಮೋಡದ ದಿನಗಳಿಗೆ ನಾಲ್ಕು ಗಂಟೆಯ ಪೂರ್ಣ ಬಿಸಿಲನ್ನಷ್ಟೇ ಲೆಕ್ಕಕ್ಕೆ ಹಿಡಿದರು. 75 ವಾಟ್ ಪ್ಯಾನೆಲ್ ಸುಮಾರು 4 ಆಂಪಿಯರ್ ಕೊಡುತ್ತದೆ, ನಾಲ್ಕು ಗಂಟೆಗೆ 16. ಧೂಳು, ನಷ್ಟ ಕಳೆದರೂ ಸಾಕು. ಬ್ಯಾಟರಿ 384 ವಾಟ್-ಅವರ್, ಅದರ ಶೇ 80 ಬಳಸಿದರೆ ಬಿಸಿಲಿಲ್ಲದೆಯೂ ಎರಡು ರಾತ್ರಿ ದಾಟುತ್ತದೆ. ಲೆಡ್ ಆಸಿಡ್ ಟ್ಯೂಬುಲರ್ ಆದರೆ ಅರ್ಧಕ್ಕಿಂತ ಕೆಳಗಿಳಿಸಬಾರದು, ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಪಾವಗಡದ ಬೋರ್‌ವೆಲ್ ನೀರು ಹೇಗೆಂದು ಗೊತ್ತಲ್ಲ: ಫ್ಲೋರೈಡು, ಗಡಸು. ಅದನ್ನೇ ಬ್ಯಾಟರಿಗೆ ಹೊಯ್ದರೆ ಪ್ಲೇಟು ಹಾಳು. ಲಿಥಿಯಂಗೆ ಮೊದಲು ಕೊಡುವ ದುಡ್ಡು ಹೆಚ್ಚಾದರೂ ಈ ಒಂದು ಕಾರಣಕ್ಕೇ ಅದು ಲೇಸು.

ಗುಡಿಸಲಿನ ಮೇಲೆ ಪ್ಯಾನೆಲ್ ಕೂರುವುದಿಲ್ಲ. ಹತ್ತು ಅಡಿಯ ಜಿಐ ಪೈಪು, ಎರಡೂವರೆ ಅಡಿ ನೆಲದೊಳಗೆ, ಒಂದಡಿ ಚೌಕದ ಗುಂಡಿಗೆ 1:2:4 ಕಾಂಕ್ರೀಟು (ಸಿಮೆಂಟು, ಮರಳು, ಜಲ್ಲಿ). ಕಂಬಕ್ಕೆ ಹೆಚ್ಚುಕಡಿಮೆ ಅರ್ಧ ಮೂಟೆ ಸಿಮೆಂಟು, ಒಟ್ಟು 11 ಮೂಟೆ. ಪಾವಗಡ 14 ಡಿಗ್ರಿ ಅಕ್ಷಾಂಶದ ಮೇಲಿದೆ, ಆದ್ದರಿಂದ ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ 15 ಡಿಗ್ರಿ ಓರೆ. ಕೋನ ಅಳೆಯುವ ಉಪಕರಣ ಬೇಡ. 78 ಸೆಂಟಿಮೀಟರ್ ಉದ್ದದ ಪ್ಯಾನೆಲ್ಲಿನ ಹಿಂದಿನ ಅಂಚು ಮುಂದಿನದಕ್ಕಿಂತ 20 ಸೆಂಟಿಮೀಟರ್ ಮೇಲಿದ್ದರೆ 15 ಡಿಗ್ರಿ ಬಂತು. ಇದಕ್ಕಿಂತ ಚಪ್ಪಟೆ ಮಾಡಿದರೆ ಮಳೆನೀರು ಧೂಳನ್ನು ತೊಳೆದುಕೊಂಡು ಹೋಗದೆ ಕೆಳ ಅಂಚಿನಲ್ಲೇ ಕೆಸರು ಕಟ್ಟುತ್ತದೆ.

ದಿಕ್ಕಿನಲ್ಲಿ ಒಂದು ಮೋಸವಿದೆ. ಕೆಲಸ ನಡೆದದ್ದು ಮೇ ತಿಂಗಳಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ‘ಸೂರ್ಯ ಇರೋ ಕಡೆ ತಿರುಗಿಸು’ ಎಂದು ಕಲಿತ ಫಿಟ್ಟರ್ ಎರಡು ಪ್ಯಾನೆಲ್ಲನ್ನು ಉತ್ತರಕ್ಕೆ ಕೂರಿಸಿಬಿಟ್ಟ. ಮೇನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಡಿಸೆಂಬರಿನಲ್ಲಿ ಅದೇ ಪ್ಯಾನೆಲ್ಲಿಗೆ ಮಧ್ಯಾಹ್ನದ ಬಿಸಿಲು ದಕ್ಷಿಣಮುಖದ ಪ್ಯಾನೆಲ್ಲಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ ಬೀಳುತ್ತದೆ. ಕಾಂಕ್ರೀಟ್ ಗಟ್ಟಿಯಾದ ಮೇಲೂ ಕ್ಲ್ಯಾಂಪ್ ಸಡಿಲಿಸಿ ತಿರುಗಿಸಬಹುದಾದ್ದರಿಂದ ಬಚಾವು.

ಬ್ಯಾಟರಿ, ಕಂಟ್ರೋಲರ್ ಎರಡೂ ಬೀಗ ಹಾಕುವ ತಗಡಿನ ಡಬ್ಬಿಯೊಳಗೆ, ಒಲೆಯಿಂದ ದೂರ, ನೆಲದಿಂದ ನಾಲ್ಕಡಿ ಮೇಲೆ. ಡಬ್ಬಿಯ ತೂತುಗಳಿಗೆ ರಬ್ಬರ್ ಗ್ರೊಮೆಟ್, ಇಲ್ಲದಿದ್ದರೆ ಹಲ್ಲಿ ಒಳಹೊಕ್ಕು ಟರ್ಮಿನಲ್ ಮೇಲೆ ಸಾಯುತ್ತದೆ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸು ಕಡ್ಡಾಯ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ನುಗ್ಗಬಲ್ಲದು, ಗರಿಯ ಮನೆಗೆ ಕೆಂಪಗೆ ಕಾದ ಒಂದು ವೈರು ಸಾಕು. ಜೋಡಿಸುವ ಕ್ರಮ: ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ಬಲ್ಬು. ಕಳಚುವಾಗ ತಿರುವುಮುರುವು. ಇದನ್ನು ತೆಲುಗಿನಲ್ಲಿ ಹೇಳಿಕೊಟ್ಟು, ಡಬ್ಬಿಯ ಮುಚ್ಚಳದ ಒಳಗೆ 1, 2, 3 ಎಂದು ಚಿತ್ರ ಬರೆದು ಅಂಟಿಸಿದರು, ಓದು ಬಾರದವರಿಗೂ ಆಗಲೆಂದು.

ಎಲ್ಲೆಲ್ಲಿ ಕೆಟ್ಟಿತು

ಮೊದಲ ದೂರು ನಾಲ್ಕು ಮನೆಗಳಿಂದ: ರಾತ್ರಿ ಹತ್ತಕ್ಕೇ ದೀಪ ಆರುತ್ತದೆ, ಅದೂ ಕಡು ಬೇಸಿಗೆಯಲ್ಲಿ. ನಾಲ್ಕೂ ಮನೆ ಹೊಂಗೆ, ಹುಣಸೆ ಮರದಡಿ. ನೆರಳು ತಪ್ಪಿಸಲು ಕಂಬವನ್ನು 20 ಮೀಟರ್ ಆಚೆ ನೆಟ್ಟಿದ್ದರು, ವೈರು ಮಾತ್ರ ಮನೆ ವೈರಿಂಗಿನ 1.5 ಚದರ ಮಿಲಿಮೀಟರಿನದು. ಹೆಸರಿಗೆ 18 ವೋಲ್ಟಿನ ಪ್ಯಾನೆಲ್ ಕಾದು ಸೆಲ್ಲು 60 ಡಿಗ್ರಿ ಮುಟ್ಟಿದಾಗ ಸುಮಾರು 15.5ಕ್ಕೆ ಇಳಿಯುತ್ತದೆ. ಹೋಗಿಬರುವ 40 ಮೀಟರ್ ವೈರಿನಲ್ಲಿ ಪೂರ್ತಿ ಕರೆಂಟು ಹರಿಯುವಾಗ ಇನ್ನೂ 2.2 ವೋಲ್ಟ್ ಹೋಯಿತು, ಬ್ಯಾಟರಿಯ ಬಳಿ ಉಳಿದದ್ದು 13.3. ತುಂಬಲು ಬೇಕಾದದ್ದು 14.4. ಬಿಸಿಲು ಹೆಚ್ಚಿದಷ್ಟೂ ಬ್ಯಾಟರಿ ತುಂಬುವುದಿಲ್ಲ ಎಂಬ ವಿಚಿತ್ರ ಇಲ್ಲಿಂದ ಬಂದದ್ದು. ಬ್ಯಾಟರಿ ಡೂಪ್ಲಿಕೇಟ್ ಎಂದು ಅಂಗಡಿಯವರ ಮೇಲೆ ಹರಿಹಾಯ್ದರು ಕೂಡ. 4 ಚದರ ಮಿಲಿಮೀಟರ್ ವೈರಿಗೆ ಬದಲಿಸಿದ ಮೇಲೆ ನಷ್ಟ 0.8 ವೋಲ್ಟಿಗೆ ಇಳಿದು ಸರಿಹೋಯಿತು. ಮರದ ನೆರಳಿನಲ್ಲೇ ಹತ್ತಿರ ನೆಟ್ಟಿದ್ದರೆ ಇನ್ನೂ ಕೆಡುತ್ತಿತ್ತು. 36 ಸೆಲ್ಲುಗಳು ಸರಣಿಯಲ್ಲಿರುವುದರಿಂದ ಒಂದು ಕೊಂಬೆಯ ನೆರಳು ಇಡೀ ಪ್ಯಾನೆಲ್ಲನ್ನು ಕುಂಟಿಸುತ್ತದೆ.

ಎರಡನೆಯದು ಕಂಟ್ರೋಲರಿನ ಸೆಟ್ಟಿಂಗ್. ಕೆಲವು ಕಂಟ್ರೋಲರುಗಳು ಪೆಟ್ಟಿಗೆಯಿಂದ ಬಂದಂತೆಯೇ ಲೆಡ್ ಆಸಿಡ್ ಮೋಡಿನಲ್ಲಿದ್ದವು. ಆ ಮೋಡಿನಲ್ಲಿ ಆಗಾಗ ವೋಲ್ಟೇಜನ್ನು 14.6ರಾಚೆಗೂ ಏರಿಸುವ ಸುತ್ತು ಬರುತ್ತದೆ. ಲಿಥಿಯಂ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್ ಬಿಎಂಎಸ್ ಅದನ್ನು ಸಹಿಸದೆ ಬ್ಯಾಟರಿಯನ್ನೇ ಕಡಿದುಬಿಡುತ್ತದೆ. ಆಗ ನಡುವೆ ಬ್ಯಾಟರಿಯ ತಡೆಯಿಲ್ಲದೆ ಪ್ಯಾನೆಲ್ಲಿನ 20 ವೋಲ್ಟ್ ನೇರವಾಗಿ ಬಲ್ಬಿಗೆ. ಹಗಲಲ್ಲಿ ಬಲ್ಬು ಸುಟ್ಟಿತೆಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಆಷಾಢದ ಗಾಳಿ ಮೂರನೆಯದು. ಒಂದೇ ಬೋಲ್ಟಿನ ಕ್ಲ್ಯಾಂಪು ಪೈಪಿನ ಮೇಲೆ ಸುತ್ತಿ, ಪ್ಯಾನೆಲ್ಲುಗಳು ಪೂರ್ವಕ್ಕೆ ತಿರುಗಿದ್ದವು. ಪೈಪಿಗೇ ತೂತು ಕೊರೆದು ಅಡ್ಡ ಬೋಲ್ಟ್ ಹಾಕಿದ ಮೇಲೆ ನಿಂತವು. ಒರೆಸುವ ವಿಷಯಕ್ಕೆ ಬಂದರೆ, ವಾರಕ್ಕೊಮ್ಮೆ ಬೆಳಗ್ಗೆ ಸಾಕು. ಬೋರ್ ನೀರನ್ನು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಒಣಬಟ್ಟೆಯಲ್ಲಿ ಒರೆಸಿಬಿಡಬೇಕು.

ನಾಲ್ಕನೆಯದನ್ನು ಯಾರೂ ಎಣಿಸಿರಲಿಲ್ಲ. ಆರು ಕುಟುಂಬ ಬೆಂಗಳೂರಿಗೆ ಗಾರೆ ಕೆಲಸಕ್ಕೆ ನಾಲ್ಕು ತಿಂಗಳು ಹೋಯಿತು. ಕಳ್ಳತನದ ಹೆದರಿಕೆಗೆ ಪ್ಯಾನೆಲ್ ಬಿಚ್ಚಿ ಒಳಗಿಟ್ಟು, ಬ್ಯಾಟರಿಯನ್ನು ಕಂಟ್ರೋಲರಿಗೆ ಹಾಗೇ ಬಿಟ್ಟರು. ಕಂಟ್ರೋಲರ್ ತಾನೇ ಸುಮಾರು 10 ಮಿಲಿಆಂಪಿಯರ್ ತಿನ್ನುತ್ತದೆ. 120 ದಿನಕ್ಕೆ ಅದು 28.8 ಆಂಪಿಯರ್-ಅವರ್, ಬ್ಯಾಟರಿಯೇ 30. ವಾಪಸು ಬಂದಾಗ ಆರರಲ್ಲಿ ಎರಡು ಏಳಲೇ ಇಲ್ಲ. ಈಗಿನ ಕಟ್ಟಳೆ: ಊರು ಬಿಡುವಾಗ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಉಳಿದವರ ಮನೆಯಲ್ಲಿಡುವುದು.

ಡಬ್ಬಿಯ ಬೀಗ ಮುರಿದು ಟಿವಿಗೆ ಡೈರೆಕ್ಟ್ ಕೊಟ್ಟದ್ದೂ ಆಯಿತು. ಕಮಿಟಿಯಲ್ಲಿ ಇದನ್ನು ದುರುಪಯೋಗ ಎಂದು ಬರೆದುಕೊಂಡರು. ನಿಜವಾಗಿ ಅದು ಸಮೀಕ್ಷೆಯ ತಪ್ಪು. ಏನು ಬೇಕೆಂದು ಕೇಳಿದವರು ಗಂಡಸರನ್ನು ಕೇಳಿದ್ದರು, ಹಗಲಿನಲ್ಲಿ. ಮಕ್ಕಳನ್ನು, ಸಂಜೆ ಮನೆಯಲ್ಲಿರುವ ಹೆಂಗಸರನ್ನು ಕೇಳಿದ್ದರೆ ಟಿವಿ ಪಟ್ಟಿಯಲ್ಲಿ ಎರಡನೆಯದಾಗಿರುತ್ತಿತ್ತು. 30 ವಾಟಿನ ಡಿಸಿ ಟಿವಿ ಮೂರು ಗಂಟೆಗೆ 90 ವಾಟ್-ಅವರ್ ಕೇಳುತ್ತದೆ, ಇನ್ನೊಂದು 75 ವಾಟ್ ಪ್ಯಾನೆಲ್ಲೂ ಇನ್ನೊಂದು ಬ್ಯಾಟರಿಯೂ ಬೇಕು. ಸ್ವಂತ ದುಡ್ಡಿನಲ್ಲಿ ಮೂರು ಮನೆಯವರು ಹಾಕಿಸಿಕೊಂಡರು.

ಎರಡನೇ ಬ್ಯಾಟರಿ

ಮೊದಲು ಪ್ರತಿ ಮನೆ ಟಾರ್ಚ್ ಸೆಲ್ಲು, ಡೀಸೆಲ್ ಬುಡ್ಡಿ, ಅಂಗಡಿಯಲ್ಲಿ ಮೊಬೈಲ್ ಚಾರ್ಜಿಗೆಂದು ತಿಂಗಳಿಗೆ 150ರಿಂದ 200 ಖರ್ಚು ಮಾಡುತ್ತಿತ್ತು. ಅದೇ 150 ಈಗ ನಿಧಿಗೆ. 22 ಮನೆಯಿಂದ ತಿಂಗಳಿಗೆ 3,300, ಆರು ವರ್ಷಕ್ಕೆ 2,37,600. ಆಗ 22 ಬ್ಯಾಟರಿಗೆ ಇಂದಿನ ದರದಲ್ಲಿ 1,54,000. ಮನೆಗೆ 50ರಂತೆ ಹಟ್ಟಿಯದೇ ಹುಡುಗಿಗೆ ತಿಂಗಳ ದುರಸ್ತಿ ಸಂಬಳ 1,100, ಆರು ವರ್ಷಕ್ಕೆ 79,200. ಉಳಿಯುವುದು 4,400. ಎಲ್ಲರೂ ಎಲ್ಲ ತಿಂಗಳೂ ಕೊಟ್ಟರೆ ಮಾತ್ರ. ಮೂರರಲ್ಲಿ ಎರಡು ಪಾಲು ವಸೂಲಾದರೆ 1,58,400, ಬ್ಯಾಟರಿಗೆ ಸರಿಹೋಗಿ ಸಂಬಳಕ್ಕೆ ಏನೂ ಉಳಿಯುವುದಿಲ್ಲ. ಸಂಬಳ ನಿಂತರೆ ಒರೆಸುವವರಿಲ್ಲ, ಫ್ಯೂಸು ನೋಡುವವರಿಲ್ಲ, ಬ್ಯಾಟರಿ ಆರು ವರ್ಷ ಬಾಳುವುದೂ ಇಲ್ಲ.

ತಿಂಗಳ ವಸೂಲಿ ಮೊದಲ ಐದು ತಿಂಗಳಿಗೇ ಕುಸಿಯಿತು. ಇವರ ಕೈಗೆ ದುಡ್ಡು ಬರುವುದು ತಿಂಗಳ ಲೆಕ್ಕದಲ್ಲಲ್ಲ. ನವೆಂಬರಿನಲ್ಲಿ ಕಡ್ಲೆಕಾಯಿ ಕೀಳುವ ಕೂಲಿ, ಫೆಬ್ರುವರಿ ಮಾರ್ಚಿನಲ್ಲಿ ಹುಣಸೆ ಬಡಿಯುವ, ಕುಟ್ಟುವ ಕೂಲಿ. ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟದವರು ಇದನ್ನು ಗಮನಿಸಿ ಕಂತನ್ನು ವರ್ಷಕ್ಕೆ ಎರಡೇ ಮಾಡಿಸಿದರು, ತಲಾ 900. ಹಣ ಚರ್ಚಿನ ಖಾತೆಯಲ್ಲಿಲ್ಲ. ಹಟ್ಟಿಯ ಸ್ವಸಹಾಯ ಗುಂಪಿನ ಹೆಸರಿನ ಉಳಿತಾಯ ಖಾತೆಯಲ್ಲಿದೆ, ಸಹಿ ಹಟ್ಟಿಯ ಇಬ್ಬರು ಹೆಂಗಸರದು. ಸಭೆಯ ಖಜಾಂಚಿ ವರ್ಷಕ್ಕೊಮ್ಮೆ ಪಾಸ್‌ಬುಕ್ ನೋಡುತ್ತಾರೆ, ಅಷ್ಟೆ.

ಹಕ್ಕುಪತ್ರ ಬಂದು ಮೀಟರ್ ಕೂತರೆ? ಗೃಹಜ್ಯೋತಿಯಡಿ ಮಿತಿಯೊಳಗಿನ ಬಳಕೆಗೆ ಬಿಲ್ಲೇ ಇಲ್ಲ. ಆಗ ತಿಂಗಳಿಗೆ 150 ಯಾಕೆ ಕೊಡಬೇಕು ಎಂದು ಯಾರಾದರೂ ಕೇಳುತ್ತಾರೆ, ಕೇಳುವುದು ನ್ಯಾಯವೇ. ಅದಕ್ಕೆ ಒಪ್ಪಂದದಲ್ಲಿ ಒಂದು ಸಾಲು ಮೊದಲೇ ಸೇರಿಸಿದ್ದಾರೆ: ಮೀಟರ್ ಬಂದ ಮನೆಯವರು ಅಲ್ಲಿಯವರೆಗೆ ಕಟ್ಟಿದ ಹಣದಲ್ಲಿ ದುರಸ್ತಿ ಪಾಲು ಕಳೆದು ಉಳಿದದ್ದನ್ನು ವಾಪಸು ಪಡೆಯಬಹುದು, ಇಲ್ಲವೇ ನಿಧಿಯಲ್ಲೇ ಮುಂದುವರಿದು ಸೆಟ್ಟನ್ನು ಕರೆಂಟ್ ಹೋದಾಗ ಬಳಸಬಹುದು. ಪ್ಯಾನೆಲ್ ಎರಡೂ ಸಂದರ್ಭದಲ್ಲಿ ಮನೆಯವರದೇ. ಇಲ್ಲಿಯವರೆಗೆ ಬೆಸ್ಕಾಂ ಕಂಬ ಹಟ್ಟಿಗೆ ಬಂದಿಲ್ಲ. 94ಸಿ ಅರ್ಜಿಗಳ ಜೆರಾಕ್ಸ್ ಪ್ರತಿಗಳನ್ನು ಅದೇ ತಗಡಿನ ಡಬ್ಬಿಯಲ್ಲಿ, ಬ್ಯಾಟರಿಯ ಪಕ್ಕ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಬೀಗ ಬೀಳುವ ಜಾಗ ಅದೊಂದೇ.